ಊಟಕ್ಕೆ ಅರ್ಧ ಗಂಟೆ ಮೊದಲು

ಮಂಗಳವಾರ ತಿಂದ ಅವರೆಕಾಳು ಗುರುವಾರ ಬೆಳಿಗ್ಗೆ ವಾಂತಿಯಲ್ಲಿ ಬಂತು. ಕಾಳು ಕಾಳಾಗಿಯೇ ಇತ್ತು. ನನ್ನ ಹೆಂಡತಿ ಜಯ ಬಚ್ಚಲ ಗೋಡೆ ಹಿಡಿದು ನಿಂತು ಅದನ್ನೇ ನೋಡುತ್ತಿದ್ದಳು. ನಾನೂ ನೋಡಿದೆ.

"ಇದು ಮೊನ್ನೇದು," ಅಂದಳು.

ನನ್ನ ಪರಿಚಯವನ್ನು ಇಲ್ಲೇ ಹೇಳಿಬಿಡುತ್ತೇನೆ. ಈ ಕಥೆಯಲ್ಲಿ ಕಾಯಿಲೆಗೆ ಎಷ್ಟು ಪಾಲಿದೆಯೋ ನನ್ನ ಕಸುಬಿಗೂ ಅಷ್ಟೇ ಪಾಲಿದೆ. ಕುದೂರಿನಲ್ಲಿ ಮನೆಯ ಮಗ್ಗುಲಲ್ಲೇ ನನ್ನದೊಂದು ಮೆಡಿಕಲ್ ಸ್ಟೋರ್ ಇದೆ. ಡಿ.ಫಾರ್ಮಾ ಓದಿದವನು. ಇಪ್ಪತ್ತಾರು ವರ್ಷದಿಂದ ಅದೇ ಕೌಂಟರ್ ಹಿಂದೆ ನಿಂತಿದ್ದೇನೆ. ಸುತ್ತಲ ಹಳ್ಳಿಯವರು ನನ್ನನ್ನು ಡಾಕ್ಟ್ರೇ ಎಂದೇ ಕರೆಯುತ್ತಾರೆ. ಮೊದಮೊದಲು ಹಾಗೆ ಕರೀಬೇಡಿ ಎನ್ನುತ್ತಿದ್ದೆ. ಆಮೇಲೆ ಹೇಳುವುದು ಬಿಟ್ಟೆ. ಇನ್ನೂ ಸ್ವಲ್ಪ ವರ್ಷ ಕಳೆದ ಮೇಲೆ ಹಾಗೆ ಕರೆಯದೆ ಇದ್ದವರ ಮೇಲೆ ಒಳಗೊಳಗೇ ಮುನಿಸು ಬರತೊಡಗಿತು.

ನಮ್ಮ ಕಡೆ ಮೆಡಿಕಲ್ ಸ್ಟೋರಿಗೆ ಬಂದವರು ಮಾತ್ರೆಯ ಹೆಸರು ಹೇಳುವುದಿಲ್ಲ. ಮೈಕೈ ನೋವು, ಒಂದು ಸೆಟ್ ಕೊಡಿ ಎನ್ನುತ್ತಾರೆ. ಸೆಟ್ ಎಂದರೆ ನಾಲ್ಕು ಸ್ಟ್ರಿಪ್‌ಗಳಿಂದ ಕತ್ತರಿಯಲ್ಲಿ ಒಂದೊಂದು ತುಂಡು ಮಾಡಿ, ಸಣ್ಣ ಕಾಗದದ ಕವರಿಗೆ ಹಾಕಿದ ನಾಲ್ಕು ಮಾತ್ರೆ. ನೋವಿಗೊಂದು, ಜ್ವರಕ್ಕೊಂದು, ಗ್ಯಾಸಿಗೊಂದು, ಶಕ್ತಿಗೊಂದು. ಯಾರಿಗೆ ಯಾವ ಸೆಟ್ ಎಂದು ಮುಖ ನೋಡಿಯೇ ನಿರ್ಧರಿಸುತ್ತಿದ್ದೆ. ಕವರ್ ಕೈಗಿಡುವಾಗ ನನ್ನ ಬಾಯಿಂದ ತಾನಾಗಿ ಬರುವ ಮಾತು ಒಂದೇ. ಊಟ ಆದ ಮೇಲೆ ತಗೊಳ್ಳಿ.

ಜಯಳಿಗೆ ಮಂಡಿನೋವು. ಮಧ್ಯಾಹ್ನ ನಾನು ಊಟಕ್ಕೆ ಹೋದಾಗ ಅಂಗಡಿಯಲ್ಲಿ ಅವಳೇ ಕೂರುತ್ತಿದ್ದಳು. ನಮ್ಮದೇ ಅಂಗಡಿ, ಕೈಗೆಟುಕುವಷ್ಟು ದೂರದಲ್ಲಿ ನೋವಿನ ಮಾತ್ರೆ. ನಾಲ್ಕು ವರ್ಷ ತಿಂದಳು. ಬೆಳಿಗ್ಗೆ ಆರಕ್ಕೆ ಕಾಫಿಯ ಜೊತೆ, ಬರೀ ಹೊಟ್ಟೆಗೆ. ಊರಿಗೆಲ್ಲ ಊಟ ಆದ ಮೇಲೆ ಎಂದು ಹೇಳುವ ನಾನು, ಮನೆಯಲ್ಲಿ ಅವಳು ಮಾತ್ರೆ ನುಂಗುವುದನ್ನು ಪೇಪರ್ ಓದುತ್ತಾ ನೋಡುತ್ತಿದ್ದೆ. ಎದೆಯುರಿ ಎಂದಾಗ ಅದಕ್ಕೊಂದು ಮಾತ್ರೆ ಸೇರಿಸಿದೆ.

ರಾಮನಗರದ ಆಸ್ಪತ್ರೆಯಲ್ಲಿ ಎಂಡೋಸ್ಕೋಪಿ ಮಾಡಿದ ಸರ್ಜನ್ ಒಂದು ಕಾಗದದ ಮೇಲೆ ಹೊಟ್ಟೆಯ ಚಿತ್ರ ಬರೆದರು. ಹುಣ್ಣಾಗಿ, ಮಾಯ್ದು, ಮತ್ತೆ ಹುಣ್ಣಾಗಿ, ಹೊಟ್ಟೆಯಿಂದ ಕರುಳಿಗೆ ಹೋಗುವ ಬಾಯಿ ಗಟ್ಟಿಯಾಗಿ ಮುಚ್ಚಿಕೊಂಡಿದೆ ಎಂದರು. ನೋವಿನ ಮಾತ್ರೆ ತಿನ್ನುತ್ತಿದ್ದರಾ ಎಂದು ಕೇಳಿದರು. ಹೌದೆಂದೆ. ಎಲ್ಲಿಂದ ತರುತ್ತಿದ್ದರು, ಯಾರು ಬರೆದುಕೊಟ್ಟಿದ್ದು ಎಂದು ಕೇಳಿದರು.

"ನನ್ನ ಅಂಗಡಿಯಿಂದ," ಅಂದೆ.

ಅವರು ಕನ್ನಡಕ ತೆಗೆದು ಒಂದು ಸಲ ನನ್ನನ್ನು ನೋಡಿದರು, ಅಷ್ಟೇ. ಬೈದಿದ್ದರೆ ಒಳ್ಳೆಯದಿತ್ತು. ಆ ನೋಟ ಆಮೇಲೆ ನನ್ನಿಂದ ಎಂಥ ಕೆಲಸ ಮಾಡಿಸಿತು ಎಂಬುದನ್ನು ಮುಂದೆ ಹೇಳುತ್ತೇನೆ.

ಆಪರೇಷನ್ ಆಯಿತು. ಹೊಟ್ಟೆಯ ಕೆಳತುದಿಯನ್ನು ಒಂದಿಷ್ಟು ತೆಗೆದು, ಸಣ್ಣ ಕರುಳನ್ನು ಮೇಲೆಳೆದು ಹೊಟ್ಟೆಗೆ ಹೊಲಿದು ಹೊಸ ದಾರಿ ಮಾಡಿದರು. ಥಿಯೇಟರ್ ಹೊರಗಿನ ಬೆಂಚಿನ ಮೇಲೆ ಕೂತು ನಾನೊಂದು ಶಪಥ ಮಾಡಿದೆ. ಇನ್ನು ಇವಳ ಬರೀ ಹೊಟ್ಟೆಗೆ ಒಂದು ಮಾತ್ರೆಯೂ ಬೀಳಬಾರದು. ಜೀವನದಲ್ಲಿ ನಾನು ತಪ್ಪದೆ ನಡೆಸಿಕೊಟ್ಟ ಶಪಥ ಅದೊಂದೇ, ಅದೂ ತಪ್ಪಾದ ಶಪಥ.

ಹೊಟ್ಟೆಯ ನೀರು ಹೊರಗೆಳೆಯಲು ಮೂಗಿನಿಂದ ಇಳಿಸಿದ್ದ ಟ್ಯೂಬನ್ನು ಐದನೇ ದಿನ ತೆಗೆದು ನೀರು ಕೊಟ್ಟರು. ಪಕ್ಕದ ಬೆಡ್ಡಿನಲ್ಲಿ ಚನ್ನಪಟ್ಟಣದ ಹೆಂಗಸೊಬ್ಬಳಿದ್ದಳು, ಅವಳಿಗೂ ಹೊಟ್ಟೆಯದೇ ಆಪರೇಷನ್. ಅವಳು ಆರನೇ ದಿನ ಇಡ್ಲಿ ತಿಂದು, ಏಳನೇ ದಿನ ನಮಗೆಲ್ಲ ಕೈಮುಗಿದು ಮನೆಗೆ ಹೋದಳು. ಜಯ ಆರನೇ ದಿನ ಎಳನೀರು ಕುಡಿದಳು. ಸಂಜೆಯ ಹೊತ್ತಿಗೆ ಎಳನೀರು, ಅದರ ಹಿಂದೆ ಹಸಿರು ಪಿತ್ತ, ಎಲ್ಲ ಹೊರಗೆ ಬಂತು.

ಮತ್ತೆ ಟ್ಯೂಬ್ ಹಾಕಿದರು.

ಮಂಚದ ಪಕ್ಕಕ್ಕೆ ನೇತುಹಾಕಿದ ಬ್ಯಾಗಿನಲ್ಲಿ ಹಸಿರು ನೀರು ತುಂಬುತ್ತಲೇ ಇತ್ತು. ದಿನಾ ಬೆಳಿಗ್ಗೆ ನರ್ಸ್ ಬರುವ ಮೊದಲೇ ನಾನು ಬಗ್ಗಿ ಗೆರೆ ನೋಡುತ್ತಿದ್ದೆ. ಒಂದೂವರೆ ಲೀಟರ್. ಮಾರನೇ ದಿನವೂ ಅಷ್ಟೇ. ಒಂದು ದಿನ ನೂರು ಎಂಎಲ್ ಕಡಿಮೆಯಾದರೆ ಕ್ಯಾಂಟೀನಿಗೆ ಹೋಗಿ ದೋಸೆ ತಿನ್ನುತ್ತಿದ್ದೆ, ಜಾಸ್ತಿಯಾದರೆ ನನಗೂ ನೀರು ಇಳಿಯುತ್ತಿರಲಿಲ್ಲ. ಮತ್ತೊಮ್ಮೆ ಸ್ಕೋಪ್ ಹಾಕಿ ನೋಡಿದರು. ಜಾಯಿಂಟ್ ಚೆನ್ನಾಗಿದೆ, ದಾರಿ ತೆರೆದೇ ಇದೆ, ಆದರೆ ಹೊಟ್ಟೆ ಮುಂದಕ್ಕೆ ತಳ್ಳುತ್ತಿಲ್ಲ ಎಂದರು ಸರ್ಜನ್. ತಿಂಗಳುಗಟ್ಟಲೆ ಮುಚ್ಚಿದ ಬಾಗಿಲಿಗೆ ತಳ್ಳಿ ತಳ್ಳಿ ಅದು ಸೋತಿದೆ, ಜೊತೆಗೆ ಆ್ಯಸಿಡ್ ಕಡಿಮೆಯಾಗಲಿ ಎಂದು ಒಂದು ನರವನ್ನೂ ಕತ್ತರಿಸಿದ್ದೇವೆ. ಇದಕ್ಕೆ ಗ್ಯಾಸ್ಟ್ರೋಪರೇಸಿಸ್ ಎನ್ನುತ್ತಾರೆ. ಔಷಧಿ ಕೊಟ್ಟು ಎಬ್ಬಿಸೋಣ, ಕಾಯೋಣ ಎಂದರು.

ಕಾದೂ ಆಗದಿದ್ದರೆ ಎಂದು ಕೇಳಿದೆ.

"ಮತ್ತೆ ಓಪನ್ ಮಾಡಬೇಕಾಗುತ್ತೆ. ಆದರೆ ಈ ತೂಕದಲ್ಲಿ ಎರಡನೇ ಆಪರೇಷನ್ ಇವರು ತಡ್ಕೋತಾರೆ ಅಂತ ನಾನು ಧೈರ್ಯವಾಗಿ ಹೇಳಲಾರೆ."

ಇಪ್ಪತ್ತೆರಡನೇ ದಿನಕ್ಕೆ ಬ್ಯಾಗು ಒಣಗಿತು. ಗಂಜಿಯ ತಿಳಿ ನಿಂತಿತು. ಡಿಸ್ಚಾರ್ಜ್ ಮಾಡಿ, ಡಾಂಪೆರಿಡೋನ್ ಮಾತ್ರೆ ಬರೆದುಕೊಟ್ಟು, ಎರಡು ವಾರ ಬಿಟ್ಟು ಬನ್ನಿ ಎಂದರು. ಅಷ್ಟರಲ್ಲಿ ವಾಂತಿ ಶುರುವಾದರೆ ತಕ್ಷಣ ಬನ್ನಿ, ಆಗ ಮುಂದಿನ ತೀರ್ಮಾನ ಮಾಡೋಣ. ಮುಂದಿನ ತೀರ್ಮಾನ ಎಂದರೆ ಏನು ಎಂದು ಜಯ ಕೇಳಲಿಲ್ಲ. ಕಾರಿನಲ್ಲಿ ಮಾಗಡಿಯವರೆಗೂ ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡೇ ಕೂತಿದ್ದಳು.

ಮಾತ್ರೆಯ ಹೆಸರಿನ ಮುಂದೆ ಎ.ಸಿ. ಎಂದು ಬರೆದಿತ್ತು. ಊಟಕ್ಕೆ ಮುಂಚೆ ಎಂದು ಅರ್ಥ. ಇಪ್ಪತ್ತಾರು ವರ್ಷದಲ್ಲಿ ಅದನ್ನು ಸಾವಿರಾರು ಚೀಟಿಗಳ ಮೇಲೆ ಓದಿದ್ದೇನೆ. ಅವತ್ತೂ ಓದಿದೆ. ಓದಿಯೂ, ಈ ಹೊಟ್ಟೆ ಕೆಟ್ಟದ್ದೇ ಬರೀ ಹೊಟ್ಟೆಯ ಮಾತ್ರೆಯಿಂದ, ಸರ್ಜನ್‌ಗೆ ಮನೆಯ ಸಂಗತಿ ಏನು ಗೊತ್ತು ಎಂದುಕೊಂಡೆ. ಗಂಜಿ ಕುಡಿಸಿ, ಹತ್ತು ನಿಮಿಷ ಬಿಟ್ಟು, ಮಾತ್ರೆ ಕೊಟ್ಟೆ.

ಮನೆಗೆ ನನ್ನ ಅತ್ತೆ ಚೌಡಮ್ಮ ಬಂದಿದ್ದರು. ಮಾಗಡಿ ಹತ್ತಿರದ ಹಳ್ಳಿಯವರು, ಎಪ್ಪತ್ತು ದಾಟಿದೆ, ಓದು ಬರಹ ಇಲ್ಲ. ಮಗಳ ಹಾಸಿಗೆಯ ಪಕ್ಕ ಕೂತು ಮಾತ್ರೆ ಯಾತಕ್ಕೆ ಎಂದು ಕೇಳಿದರು. ಹೊಟ್ಟೆಯಲ್ಲಿರುವುದನ್ನು ಮುಂದಕ್ಕೆ ನೂಕುವುದಕ್ಕೆ ಎಂದೆ.

"ಹಂಗಾರೆ ಗಂಜಿಗೆ ಮುಂಚೇನೆ ಕೊಡ್ಬೇಕಲ್ವೇನಪ್ಪ? ನೂಕೋನು ಮೊದ್ಲು ಎದ್ದು ನಿಂತ್ಕಬೇಕಲ್ಲ."

ನಿಮಗೆ ಗೊತ್ತಾಗಲ್ಲ, ಸುಮ್ಮನಿರಿ ಅತ್ತೆ ಎಂದೆ. ನನ್ನ ಮೇಲೆ ಅವರಿಗೆ ಗೌರವ ಜಾಸ್ತಿ, ಅಳಿಯ ಡಾಕ್ಟ್ರು ಎಂದು ಊರಲ್ಲೆಲ್ಲ ಹೇಳಿಕೊಂಡಿದ್ದರು.

ನಾಲ್ಕು ದಿನ ಸರಿಯಿತ್ತು. ಐದನೇ ದಿನ ತೇಗು ಶುರುವಾಯಿತು. ಕೊಳೆತ ಮೊಟ್ಟೆಯ ವಾಸನೆಯ ತೇಗು. ಎದೆಯ ಕೆಳಗೆ ಹೊಟ್ಟೆ ಕುಂಬಳಕಾಯಿಯಂತೆ ಉಬ್ಬಿತು. ಅವಳು ಎದ್ದು ನಡೆದರೆ ಒಳಗೆ ನೀರು ಕುಲುಕುವ ಸದ್ದು ನನಗೆ ಅಡುಗೆಮನೆಯವರೆಗೂ ಕೇಳುತ್ತಿತ್ತು. ಆರನೇ ದಿನ ವಾಂತಿ. ಹಿಂದಿನ ದಿನದ ಗಂಜಿ, ಅದರೊಳಗೆ ಅರೆಬರೆ ಕರಗಿದ ಬಿಳಿ ಮಾತ್ರೆಯ ಚೂರು.

ಆ ಚೂರನ್ನು ನಾನು ನೋಡಿದೆ. ಅದು ಏನು ಹೇಳುತ್ತಿದೆ ಎಂಬುದು ಕಣ್ಣೆದುರಿಗೇ ಇತ್ತು. ಭಯವಾದಾಗ ಮನುಷ್ಯನಿಗೆ ಬೇಕಾದ್ದು ಬಿಟ್ಟು ಬೇರೆಲ್ಲ ಕಾಣುತ್ತದೆ. ನನಗೆ ಕಂಡದ್ದು ಔಷಧಿ ಸಾಲುತ್ತಿಲ್ಲ ಎಂದು.

ತಕ್ಷಣ ಬನ್ನಿ ಎಂದಿದ್ದರು. ಹೋಗಲಿಲ್ಲ. ಹೋದರೆ ಆಪರೇಷನ್ ಎನ್ನುತ್ತಾರೆ, ಆಪರೇಷನ್ ಎಂದರೆ ಇವಳು ವಾಪಸ್ಸು ಬರುವುದಿಲ್ಲ ಎಂದು ನನ್ನ ಲೆಕ್ಕ. ಅಂಗಡಿಯ ಮುಂದಿನ ತೂಕದ ಮೆಷಿನ್ನಿನ ಮೇಲೆ ಅವಳನ್ನು ನಿಲ್ಲಿಸಿದೆ. ಮೂವತ್ತೊಂಬತ್ತು ಕೆಜಿ. ಮದುವೆಯಾದಾಗಲೂ ಇದಕ್ಕಿಂತ ಎಂಟು ಕೆಜಿ ಹೆಚ್ಚಿಗಿದ್ದಳು. ಒಳಗೆ ಹೋಗಿ, ಶೆಲ್ಫಿನಿಂದ ಮೆಟೊಕ್ಲೊಪ್ರಮೈಡ್ ಇಂಜೆಕ್ಷನ್ ತೆಗೆದೆ. ವಾಂತಿ ಎಂದು ಬಂದವರಿಗೆಲ್ಲ ಅದನ್ನೇ ಕೊಟ್ಟವನು. ಸೂಜಿ ಚುಚ್ಚುವುದು ನನಗೇನು ಹೊಸದಲ್ಲ. ಬೆಳಿಗ್ಗೆ ಒಂದು, ಸಂಜೆ ಒಂದು. ಮೊದಲ ದಿನ ವಾಂತಿ ನಿಂತಿತು. ನಾನು ಗೆದ್ದೆ ಎಂದುಕೊಂಡೆ. ಎರಡನೇ ದಿನ ಅವಳಿಗೆ ಕೂತಲ್ಲಿ ಕೂರಲಾಗಲಿಲ್ಲ, ಕಾಲು ಆಡಿಸುತ್ತಲೇ ಇದ್ದಳು, ಏನೋ ಒಳಗೆ ಕಿತ್ತುಕೊಂಡು ಬಂದಂಗಾಗುತ್ತೆ ಎಂದಳು. ನಿಶ್ಶಕ್ತಿ ಎಂದೆ. ಇನ್ನೊಂದು ಚುಚ್ಚಿದೆ.

ಮೂರನೇ ದಿನ ಬೆಳಿಗ್ಗೆ ಹನ್ನೊಂದರ ಹೊತ್ತು. ಅತ್ತೆ ನಡುಮನೆಯಲ್ಲಿ ರಾಗಿ ಹಸನು ಮಾಡುತ್ತಿದ್ದರು. ಜಯ ಮಂಚದ ಮೇಲೆ ದಿಂಬಿಗೊರಗಿ ಕೂತಿದ್ದಳು. ನಾನು ಅಂಗಡಿಗೆ ಹೊರಡಲು ಚಪ್ಪಲಿ ಹಾಕುತ್ತಿದ್ದೆ.

"ಕತ್ತು ಹಿಡ್ಕಂಡಂಗೈತೆ," ಅಂದಳು.

ತಿರುಗಿ ನೋಡಿದೆ. ಅವಳ ಕತ್ತು ಎಡಕ್ಕೆ ತಿರುಗುತ್ತಿತ್ತು. ಅವಳು ತಿರುಗಿಸುತ್ತಿರಲಿಲ್ಲ, ಅದೇ ತಿರುಗುತ್ತಿತ್ತು. ಗಲ್ಲ ಭುಜಕ್ಕೆ ತಾಗಿತು. ದವಡೆ ಒಂದು ಕಡೆಗೆ ಎಳೆದುಕೊಂಡಿತು, ನಾಲಿಗೆ ಹೊರಗೆ ಬಂತು. ಕಣ್ಣುಗುಡ್ಡೆ ಎರಡೂ ಮೇಲಕ್ಕೆ ಹೋಗಿ ಅಲ್ಲೇ ನಿಂತವು.

ಬಿಳಿ ಮಾತ್ರ ಕಾಣುತ್ತಿತ್ತು.

ಅತ್ತೆ ಮೊರ ಬಿಟ್ಟು ಎದ್ದುಬಂದರು. ಗಾಳಿ ಸೋಕೈತೆ, ಆಸ್ಪತ್ರೆಯಿಂದ ಬರುವಾಗಲೇ ದೃಷ್ಟಿ ತೆಗೀಬೇಕಿತ್ತು ಎನ್ನುತ್ತಾ ಅರಿಸಿನದ ನೀರಿಗೆ ಓಡಿದರು. ನಾನು ಒಂದು ಕಾಲಿಗೆ ಚಪ್ಪಲಿ ಹಾಕಿಕೊಂಡು ನಿಂತೇ ಇದ್ದೆ. ಡಿ.ಫಾರ್ಮಾ ಪರೀಕ್ಷೆಗೆ ಎಕ್ಸ್‌ಟ್ರಾಪಿರಮಿಡಲ್ ಎಂಬ ಉದ್ದದ ಪದವನ್ನು ಉರು ಹೊಡೆದಿದ್ದೆ. ಅದಕ್ಕೆ ಎರಡು ಮಾರ್ಕ್ಸ್ ಬಂದಿತ್ತು. ಮೆಟೊಕ್ಲೊಪ್ರಮೈಡ್‌ನ ಅಡ್ಡಪರಿಣಾಮ, ಸ್ನಾಯುಗಳು ತಾವಾಗಿ ಸೆಟೆದು ತಿರುಚಿಕೊಳ್ಳುತ್ತವೆ ಎಂದು ಬರೆದಿದ್ದೆ. ಅದು ನೋಡಲು ಹೇಗಿರುತ್ತದೆ ಎಂದು ನನಗೆ ಯಾರೂ ತೋರಿಸಿರಲಿಲ್ಲ. ಔಷಧಿಯ ಡಬ್ಬದೊಳಗಿನ ಮಡಿಚಿದ ಕಾಗದದಲ್ಲಿ ಇತ್ತು, ಆ ಕಾಗದಗಳನ್ನು ನಾನು ದಿನಾ ಗುಡಿಸಿ ಹಾಕುತ್ತಿದ್ದೆ.

ಕಾರು ಸಿಕ್ಕಿತು, ಅತ್ತೆಯೂ ಹತ್ತಿದರು. ಮಾಗಡಿಯವರೆಗೂ ಅವಳ ತಲೆ ನನ್ನ ತೊಡೆಯ ಮೇಲಿತ್ತು. ಕತ್ತು ನೇರ ಮಾಡಲು ಹೋದೆ, ಕಬ್ಬಿಣದಂತಿತ್ತು. ಗಂಟಲಿನಿಂದ ಒಂಥರಾ ಸದ್ದು ಬರುತ್ತಿತ್ತು. ಉಸಿರು ಕಟ್ಟಿದರೆ ಏನು ಮಾಡುವುದು ಎಂದು ಯೋಚಿಸುತ್ತಿದ್ದೆ.

ಮಾಗಡಿಯ ಆಸ್ಪತ್ರೆಯಲ್ಲಿ ಡ್ಯೂಟಿ ಡಾಕ್ಟರ್ ಚಿಕ್ಕ ವಯಸ್ಸಿನ ಹುಡುಗಿ. ಬಂದವರೇ ಕೈಕಾಲು ನೋಡಿದರು, ಬೆರಳಿನಿಂದ ರಕ್ತ ತೆಗೆದು ಶುಗರ್ ನೋಡಿದರು. ಡಿಸ್ಚಾರ್ಜ್ ಚೀಟಿ ಓದಿ, ನನ್ನ ಕಡೆ ತಿರುಗಿ ನೇರವಾಗಿ ಕೇಳಿದರು. ವಾಂತಿಗೆ ಏನಾದರೂ ಇಂಜೆಕ್ಷನ್ ಕೊಡಿಸಿದ್ದೀರಾ?

"ಇಲ್ಲ. ಡಿಸ್ಚಾರ್ಜ್ ಮಾತ್ರೆ ಅಷ್ಟೇ," ಅಂದೆ.

ಹಾಗಂದದ್ದು ನಾನೇ. ಅದನ್ನು ಇಲ್ಲಿ ಬರೆಯದೆ ಬಿಟ್ಟರೆ ಈ ಬರಹಕ್ಕೆ ಅರ್ಥವಿಲ್ಲ. ಲೈಸೆನ್ಸಿನ ಯೋಚನೆ ಬಂದದ್ದು ನಿಜ, ಅದಕ್ಕಿಂತ ಹೆಚ್ಚಾಗಿ ಆ ಸರ್ಜನ್ ಕನ್ನಡಕ ತೆಗೆದು ನೋಡಿದ್ದು ನೆನಪಾಯಿತು. ಇನ್ನೊಬ್ಬರ ಮುಂದೆ ಇನ್ನೊಂದು ಸಲ ನನ್ನ ಅಂಗಡಿಯಿಂದ ಎಂದು ಹೇಳಲು ಬಾಯಿ ಬರಲಿಲ್ಲ.

ಡಾಕ್ಟರ್ ನರ್ಸ್ ಜೊತೆ ಇಂಗ್ಲಿಷಿನಲ್ಲಿ ಮಾತಾಡಿದರು. ಕ್ಯಾಲ್ಸಿಯಂ ಎಂದರು, ಫಿಟ್ಸ್ ಎಂದರು, ಸ್ಟ್ರೋಕ್ ಇರಬಹುದು, ತಲೆ ಸ್ಕ್ಯಾನಿಗೆ ಬೆಂಗಳೂರಿಗೆ ಕಳಿಸೋಣ, ಆಂಬುಲೆನ್ಸ್‌ಗೆ ಹೇಳಿ ಎಂದರು. ನಾನು ಸ್ಟ್ರೆಚರ್ ಪಕ್ಕ ನಿಂತು ಜಯಳನ್ನು ನೋಡಿದೆ. ಮೇಲಕ್ಕೆ ಸಿಕ್ಕಿಕೊಂಡ ಕಣ್ಣುಗಳಿಂದ ನೀರು ಕಿವಿಯ ಕಡೆಗೆ ಹರಿಯುತ್ತಿತ್ತು. ಅವಳಿಗೆ ಎಚ್ಚರವಿತ್ತು. ಪೂರ್ತಿ ಎಚ್ಚರ. ನಾನು ಹೇಳಿದ್ದನ್ನು ಅವಳು ಕೇಳಿದ್ದಳು.

ನಾನು ಡಾಕ್ಟರ್ ಹಿಂದೆ ಓಡಿದೆ. ಮೆಟೊಕ್ಲೊಪ್ರಮೈಡ್, ದಿನಕ್ಕೆ ಎರಡು, ಮೂರು ದಿನದಿಂದ, ನಾನೇ ಕೊಟ್ಟಿದ್ದು, ನನ್ನದು ಮೆಡಿಕಲ್ ಸ್ಟೋರ್ ಎಂದೆ. ಎಲ್ಲ ಒಂದೇ ಉಸಿರಿಗೆ ಬಂತು. ಆ ಹುಡುಗಿ ತಿರುಗಿ ನಿಂತರು.

"ಇದನ್ನ ಮೊದಲೇ ಹೇಳೋಕೆ ಏನಾಗಿತ್ತು ನಿಮಗೆ?"

ಉತ್ತರಕ್ಕೆ ಕಾಯಲಿಲ್ಲ. ಪ್ರೊಮೆಥಜೀನ್ ಎಂದು ನರ್ಸ್‌ಗೆ ಕೂಗಿ ಹೇಳಿದರು. ನರಕ್ಕೆ ನಿಧಾನವಾಗಿ ಕೊಟ್ಟರು. ಹತ್ತು ನಿಮಿಷ ಕಳೆಯಿತು. ಮೊದಲು ನಾಲಿಗೆ ಒಳಗೆ ಹೋಯಿತು. ಆಮೇಲೆ ಕಣ್ಣುಗುಡ್ಡೆ ಇಳಿಯಿತು. ಕತ್ತು ಸ್ವಲ್ಪ ಸ್ವಲ್ಪವೇ ನೇರವಾಯಿತು. ಸ್ಕ್ಯಾನ್ ಬೇಡವಾಯಿತು. ಅತ್ತೆ ಬಾಗಿಲ ಬಳಿ ಇನ್ನೂ ಅರಿಸಿನದ ಕೈಯಲ್ಲೇ ನಿಂತಿದ್ದರು, ಮುಖ ಮುಚ್ಚಿಕೊಂಡು ಅತ್ತರು. ಜಯ ಅಳಲಿಲ್ಲ. ಬಾಯಿ ಒಣಗಿತ್ತು, ನರ್ಸ್ ಹತ್ತಿಯಲ್ಲಿ ತುಟಿ ಒದ್ದೆ ಮಾಡಿದಳು.

"ಯಾಕ್ ಸುಳ್ ಹೇಳುದ್ರಿ?" ಎಂದು ಜಯ ನನ್ನನ್ನು ಕೇಳಿದಳು.

ಅವಳು ಅಷ್ಟೇ ಕೇಳಿದ್ದು.

ಅವತ್ತೇ ಅಲ್ಲಿಂದ ರಾಮನಗರಕ್ಕೆ ಕರೆದೊಯ್ದೆವು. ಈ ಸಲ ಸರ್ಜನ್ ಮುಂದೆ ನಾನೇ ಮೊದಲು ಮಾತಾಡಿದೆ. ಊಟ ಆದ ಮೇಲೆ ಮಾತ್ರೆ ಕೊಟ್ಟದ್ದು, ವಾಂತಿ ಶುರುವಾದರೂ ಬರದೆ ಇದ್ದದ್ದು, ಇಂಜೆಕ್ಷನ್, ಮಾಗಡಿಯಲ್ಲಿ ಹೇಳಿದ ಸುಳ್ಳು, ಎಲ್ಲ ಹೇಳಿದೆ. ಅವರು ಕೇಳಿಸಿಕೊಂಡರು. ಬೈಯಲಿಲ್ಲ ಎಂದರೆ ಸುಳ್ಳಾಗುತ್ತದೆ, ಚೆನ್ನಾಗಿಯೇ ಬೈದರು. ಬೈದ ಮೇಲೆ ಕಾಗದ ತೆಗೆದುಕೊಂಡು ಮತ್ತೆ ಹೊಟ್ಟೆಯ ಚಿತ್ರ ಬರೆದರು. ಮಲಗಿದ ಹೊಟ್ಟೆಗೆ ಗಂಜಿ ತುಂಬಿ, ಗಂಜಿಯ ಮೇಲೆ ಮಾತ್ರೆ ಹಾಕಿದ್ದೀರಿ, ಮಾತ್ರೆ ಕರುಳಿಗೆ ಹೋದರೆ ತಾನೇ ರಕ್ತಕ್ಕೆ ಸೇರುವುದು, ಅದೂ ಗಂಜಿಯ ಜೊತೆ ಅಲ್ಲೇ ಕೂತಿದೆ ಎಂದರು. ಅತ್ತೆ ಹೇಳಿದ್ದೂ ಅದನ್ನೇ. ಅವರು ಚಿತ್ರ ಬರೆದಿರಲಿಲ್ಲ, ಅಷ್ಟೇ ವ್ಯತ್ಯಾಸ.

ಔಷಧಿ ಕೆಲಸ ಮಾಡಿಲ್ಲ ಎಂದು ಹೇಳುವ ಹಾಗಿಲ್ಲ, ಯಾಕೆಂದರೆ ಅದಕ್ಕೆ ಅವಕಾಶವೇ ಸಿಕ್ಕಿಲ್ಲ ಎಂಬುದು ಅವರ ತೀರ್ಮಾನ. ಹಾಗಾಗಿ ಆಪರೇಷನ್‌ಗೆ ಮೊದಲು ಬೇರೆ ಔಷಧಿಯಲ್ಲಿ ಇನ್ನೊಂದು ಸಲ ನೋಡೋಣ ಎಂದರು. ಇಸಿಜಿ ಮಾಡಿಸಿದರು. ಹಳೆಯ ಮಾತ್ರೆ ನಿಲ್ಲಿಸಿದರು, ಹೊಸದರ ಜೊತೆ ಅದು ಹೃದಯಕ್ಕೆ ಆಗುವುದಿಲ್ಲವಂತೆ. ಮೂಗಿನಿಂದ ತೆಳ್ಳಗಿನ ಟ್ಯೂಬನ್ನು ಹೊಟ್ಟೆ ದಾಟಿಸಿ ಕರುಳಿಗೆ ಇಳಿಸಿ, ಅದರಲ್ಲಿ ಆಹಾರ ಕೊಡತೊಡಗಿದರು. ಬಾಯಿಗೆ ಎರಿಥ್ರೊಮೈಸಿನ್ ಸಿರಪ್, ತೀರಾ ಸಣ್ಣ ಡೋಸು, ದಿನಕ್ಕೆ ಮೂರು ಸಲ, ಬಾಯಲ್ಲಿ ಏನು ಕೊಡುವುದಿದ್ದರೂ ಅದಕ್ಕೆ ಅರ್ಧ ಗಂಟೆ ಮೊದಲು.

ಎರಿಥ್ರೊಮೈಸಿನ್ ನನಗೆ ಗೊತ್ತಿಲ್ಲದ್ದಲ್ಲ. ಗಂಟಲು ನೋವಿನ ಸೆಟ್ಟಿಗೆ ಹಾಕುತ್ತಿದ್ದ ಆ್ಯಂಟಿಬಯಾಟಿಕ್ ಅದು. ತಿಂದವರು ಹೊಟ್ಟೆ ಹಿಂಡಿತು ಎಂದು ಬಂದು ಬೈಯುತ್ತಿದ್ದರು. ಆ ಹಿಂಡುವುದೇ ಈಗ ನಮಗೆ ಬೇಕಾಗಿತ್ತು. ಆದರೆ ಅದರ ಗುಣ ಬಹಳ ದಿನ ಇರುವುದಿಲ್ಲ, ಕೆಲವು ವಾರಕ್ಕೆ ದೇಹ ಅದಕ್ಕೆ ಒಗ್ಗಿಬಿಡುತ್ತದೆ, ಅಷ್ಟರಲ್ಲಿ ಹೊಟ್ಟೆ ತಾನಾಗಿ ಎದ್ದರೆ ಎದ್ದಿತು ಎಂದರು ಸರ್ಜನ್. ಮೂರು ವಾರ ಬಿಟ್ಟು ಎಕ್ಸ್‌ರೇ ತೆಗೆದು ನೋಡುವುದು. ಹೋಗುತ್ತಿಲ್ಲವೆಂದರೆ ಆಪರೇಷನ್.

ಜಯ ಅಷ್ಟೂ ಹೊತ್ತು ಕೇಳುತ್ತಿದ್ದಳು. ಸರ್ಜನ್ ಹೋದ ಮೇಲೆ ಅಮ್ಮನನ್ನು ಹತ್ತಿರ ಕರೆದಳು.

"ಇನ್ಮೇಲೆ ಔಸ್ತಿ ನೀನೇ ಕೊಡವ್ವ. ಅವ್ರ ಕೈಯಿಂದ ಬ್ಯಾಡ."

ನಾನು ಎರಡಡಿ ದೂರದಲ್ಲಿ ನಿಂತಿದ್ದೆ. ಇಪ್ಪತ್ತಾರು ವರ್ಷ ಊರಿಗೆಲ್ಲ ಔಷಧಿ ಕೊಟ್ಟ ಕೈ. ಕೋಪ ಬರಲಿಲ್ಲ, ಹೆದರಿಕೆಯಾಯಿತು. ಇವಳು ಬದುಕಿದರೂ ನನಗೆ ಸಿಗದೆ ಹೋಗಬಹುದು ಎಂದು ಮೊದಲ ಸಲ ಅನಿಸಿತು.

ಹತ್ತು ದಿನದ ಮೇಲೆ ಟ್ಯೂಬ್ ತೆಗೆದು ಮನೆಗೆ ಕಳಿಸಿದರು. ಅತ್ತೆಗೆ ಗಡಿಯಾರ ನೋಡಲು ಬರುವುದಿಲ್ಲ. ಅವರು ಬಸ್ಸುಗಳನ್ನೇ ಗಡಿಯಾರ ಮಾಡಿಕೊಂಡರು. ನಮ್ಮ ಮನೆ ರಸ್ತೆಗೇ ಇದೆ. ಬೆಳಿಗ್ಗೆ ಮಾಗಡಿ ಕಡೆಯ ಕೆಂಪು ಬಸ್ಸು ಹೋದಾಗ ಸಿರಪ್, ಅದರ ಹಿಂದಿನ ಪ್ರೈವೇಟ್ ಬಸ್ಸು ಹೋದಾಗ ಗಂಜಿ. ಎರಡರ ನಡುವೆ ಅರ್ಧ ಗಂಟೆ ಎಂದು ಅವರೇ ಕಂಡಕ್ಟರನ್ನು ಕೇಳಿ ಖಾತ್ರಿ ಮಾಡಿಕೊಂಡಿದ್ದರು. ಒಂದು ದಿನ ಪ್ರೈವೇಟ್ ಬಸ್ಸು ಕೆಟ್ಟು ನಿಂತು ಬರಲೇ ಇಲ್ಲ. ಅತ್ತೆ ಗಂಜಿಯ ಲೋಟ ಹಿಡಿದು ಹೊರಗೆ ರಸ್ತೆ ನೋಡುತ್ತಾ ನಿಂತುಬಿಟ್ಟರು. ಅರ್ಧ ಗಂಟೆ ಆಗಿಹೋಯಿತು ಅತ್ತೆ, ಕೊಡಿ ಎಂದು ನಾನು ಬಾಗಿಲಿಂದ ಹೇಳಿದೆ. ಅವರು ನನ್ನನ್ನು ನೋಡಿದರು, ನಂಬಲೋ ಬೇಡವೋ ಎಂದು. ಕೊನೆಗೆ ಪಕ್ಕದ ಮನೆಯವರನ್ನು ಟೈಮ್ ಕೇಳಿ ಬಂದು ಕೊಟ್ಟರು.

ಆ ದಿನಗಳಲ್ಲಿ ನನ್ನ ಕೆಲಸ ಕಿವಿಯದು. ಪ್ರತಿ ತೇಗಿಗೂ ಎದ್ದು ಕೂರುತ್ತಿದ್ದೆ. ಬಚ್ಚಲ ಬಾಗಿಲು ಸದ್ದಾದರೆ ಅಂಗಡಿಯಿಂದ ಓಡಿಬರುತ್ತಿದ್ದೆ. ಗಂಜಿ ಹೋಗಿ ಮೆತ್ತಗಿನ ಅನ್ನ ಬಂತು, ಎರಡು ಚಮಚ, ನಾಲ್ಕು ಚಮಚ. ಒಂದೊಂದು ತುತ್ತನ್ನೂ ಅಗಿದು ನೀರು ಮಾಡಿ ನುಂಗಬೇಕು. ಮುದ್ದೆಯನ್ನು ಅಗಿಯದೆ ನುಂಗಿ ಬೆಳೆದವಳಿಗೆ ಅದು ಶಿಕ್ಷೆ. ಹಲ್ಲಿಲ್ಲದ ಮುದುಕೀರು ತಿಂದಂಗೆ ತಿಂತೀನಿ ಎಂದು ಅಮ್ಮನ ಹತ್ತಿರ ಗೊಣಗುತ್ತಿದ್ದಳು. ತಿನ್ನುತ್ತಿದ್ದದ್ದೂ ಗಡಿಯಾರಕ್ಕೆ, ಡಾಕ್ಟರ್ ಹೇಳಿದ್ದಕ್ಕೆ. ಬೇಕೆಂದು ತಿಂದದ್ದಲ್ಲ. ಹಸಿವು ಎಂಬುದು ಹೋಗಿ ಆರು ತಿಂಗಳಾಗಿತ್ತು. ಅನ್ನ ನೋಡಿದರೆ ಮಣ್ಣು ನೋಡಿದಂಗಾಗುತ್ತೆ ಎನ್ನುತ್ತಿದ್ದಳು.

ಅಂಗಡಿಯಲ್ಲಿ ಸೆಟ್ ಕೊಡುವುದನ್ನು ನಿಲ್ಲಿಸಿದ್ದೇನೆ. ಚೀಟಿ ತನ್ನಿ ಎನ್ನುತ್ತೇನೆ. ಡಾಕ್ಟ್ರು ಭಾಳ ದೊಡ್ಡೋರಾಗ್ಬುಟ್ರು ಎಂದು ಮುಖ ತಿರುಗಿಸಿ ಹೋದವರಿದ್ದಾರೆ. ಡಾಕ್ಟ್ರೇ ಎಂದರೆ ಈಗ ಮೈ ಉರಿಯುತ್ತದೆ, ಅದೂ ನನ್ನದೇ ಹುಚ್ಚು. ಡಬ್ಬದೊಳಗಿನ ಕಾಗದಗಳನ್ನು ಓದುತ್ತೇನೆ. ಅಕ್ಷರ ತೀರಾ ಸಣ್ಣದು, ಭೂತಕನ್ನಡಿ ತಂದಿದ್ದೇನೆ.

ಮೂರು ವಾರಕ್ಕೆ ರಾಮನಗರಕ್ಕೆ ಹೋದೆವು. ಅತ್ತೆಗೆ ಮಂಡಿ ಊತ, ಬರಲಾಗಲಿಲ್ಲ. ನಾವಿಬ್ಬರೇ. ಬೆಳಿಗ್ಗೆ ಬರೀ ಹೊಟ್ಟೆಯಲ್ಲಿ ಜಯಳಿಗೆ ಸುಣ್ಣದ ನೀರಿನಂಥ, ಎಕ್ಸ್‌ರೇಯಲ್ಲಿ ಬೆಳ್ಳಗೆ ಕಾಣುವ ಬೇರಿಯಂ ಕುಡಿಸಿದರು. ಹೊತ್ತು ಬಿಟ್ಟು ಹೊತ್ತು ಎಕ್ಸ್‌ರೇ ತೆಗೆದರು. ನಾನು ಹೊರಗೆ ಕೂತಿದ್ದೆ. ಕೊನೆಗೆ ಒಳಗೆ ಕರೆದರು. ಸರ್ಜನ್ ಫಿಲ್ಮುಗಳನ್ನು ಬೆಳಕಿಗೆ ಹಿಡಿದರು. ಮೊದಲನೆಯದರಲ್ಲಿ ಬಿಳಿ ಪೂರ್ತಿ ಹೊಟ್ಟೆಯಲ್ಲೇ ಇತ್ತು. ಎರಡನೆಯದರಲ್ಲಿ ಎಳೆಯೊಂದು ಕೆಳಗಿಳಿದಿತ್ತು. ಕೊನೆಯದರಲ್ಲಿ ಹೊಟ್ಟೆಯ ಬಿಳಿ ತೆಳ್ಳಗಾಗಿ, ಕರುಳಿನ ಸುರುಳಿಗಳೆಲ್ಲ ಬೆಳ್ಳಗಾಗಿದ್ದವು.

"ನಿಧಾನ ಇದೆ. ಆದರೆ ಹೋಗ್ತಿದೆ. ಸದ್ಯಕ್ಕೆ ಆಪರೇಷನ್ ಬೇಡ," ಎಂದರು.

ಸದ್ಯಕ್ಕೆ ಎಂಬ ಮಾತನ್ನು ನಾನು ಬಿಟ್ಟಿಲ್ಲ, ಮನಸ್ಸಿನಲ್ಲಿಟ್ಟುಕೊಂಡೇ ಇದ್ದೇನೆ. ಸಿರಪ್ ಇನ್ನೆರಡು ವಾರ, ಆಮೇಲೆ ನಿಲ್ಲಿಸಿ ನೋಡುವುದು. ನಿಲ್ಲಿಸಿದ ಮೇಲೆ ಏನಾಗುತ್ತದೋ ಗೊತ್ತಿಲ್ಲ. ಮತ್ತೆ ಕಟ್ಟಿಕೊಳ್ಳಬಹುದು, ಕಟ್ಟಿಕೊಳ್ಳದೆಯೂ ಇರಬಹುದು. ಈಗ ನಲವತ್ತೊಂದು ಕೆಜಿ ಇದ್ದಾಳೆ. ಇದನ್ನು ಬರೆಯುತ್ತಿರುವಾಗಲೂ ಒಂದು ಕಿವಿ ಬಚ್ಚಲ ಕಡೆಗಿದೆ. ಆ ಸರ್ಜನ್, ಮಾಗಡಿಯ ಆ ಹುಡುಗಿ ಡಾಕ್ಟರ್, ಬಸ್ಸು ನೋಡಿ ಔಷಧಿ ಕೊಟ್ಟ ನನ್ನ ಅತ್ತೆ, ಈ ಮೂವರ ಋಣ ನನ್ನ ಮೇಲಿದೆ ಎಂದಷ್ಟೇ ಹೇಳಬಲ್ಲೆ. ಇನ್ನು ಅವತ್ತು ವಾಪಸ್ಸು ಬರುವಾಗ ನಡೆದದ್ದನ್ನು ಹೇಳಿ ಮುಗಿಸುತ್ತೇನೆ.

ಮಾಗಡಿಯಲ್ಲಿ ಬಸ್ಸು ಬದಲಿಸಬೇಕು. ಮಧ್ಯಾಹ್ನ ಎರಡು ಗಂಟೆ ಮೀರಿತ್ತು. ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಕೂತಿದ್ದೆವು. ಎದುರಿನ ಅಂಗಡಿಯಲ್ಲಿ ಯಾರೋ ಬೋಂಡ ಕರಿಯುತ್ತಿದ್ದರು. ಈ ವಾಸನೆಗೆ ಇವಳಿಗೆ ವಾಕರಿಕೆ ಬಂದೀತು ಎಂದು ನಾನು ಬೇರೆ ಬೆಂಚು ಹುಡುಕುತ್ತಿದ್ದೆ.

"ಹಸಿವಾಯ್ತೈತೆ," ಅಂದಳು.

ನನಗೆ ಅರ್ಥವಾಗಲಿಲ್ಲ. ಏನು ಎಂದು ಕೇಳಿದೆ.

"ಹೊಟ್ಟೆ ಹಸೀತೈತೆ ಅಂದೆ. ಏನ್ ಕೊಡ್ತೀರೋ ಕೊಡಿ."

ಸಿಟ್ಟಿನಲ್ಲೇ ಹೇಳಿದಳು. ನಾನು ಚೀಲ ಬಿಚ್ಚಿದೆ. ಅತ್ತೆ ಕಟ್ಟಿಕೊಟ್ಟಿದ್ದ ಮೊಸರನ್ನದ ಡಬ್ಬಿ ಕೈಗೆ ಬಂತು, ಅದನ್ನು ಬದಿಗಿಟ್ಟು ಸಿರಪ್ ಬಾಟಲಿ ತೆಗೆದೆ. ಅವಳೇ ಹಾಕಿಕೊಳ್ಳಲಿ ಎಂದು ಬಾಟಲಿಯನ್ನೂ ಅಳತೆಯ ಮುಚ್ಚಳವನ್ನೂ ನಮ್ಮಿಬ್ಬರ ನಡುವೆ ಇಟ್ಟೆ. ಅವಳು ಅದನ್ನು ನೋಡಿದಳು, ಮುಟ್ಟಲಿಲ್ಲ.

"ನೀವೇ ಅಳ್ದು ಕೊಡಿ," ಅಂದಳು.

ಅಳೆದೆ. ಗೆರೆಯನ್ನು ಮೂರು ಸಲ ನೋಡಿದೆ. ಅವಳ ಕೈಗೆ ಕೊಡುವಾಗ ಎರಡು ಹನಿ ಸೀರೆಯ ಮೇಲೆ ಬಿತ್ತು, ಮತ್ತೆ ಅಷ್ಟನ್ನು ಹಾಕಿಕೊಟ್ಟೆ. ಕುಡಿದಳು. ಮೊಸರನ್ನದ ಡಬ್ಬಿಯನ್ನು ತೊಡೆಯ ಮೇಲೆ ಇಟ್ಟುಕೊಂಡು ಅದರ ಮುಚ್ಚಳದ ಮೇಲೆ ಕೈ ಇಟ್ಟುಕೊಂಡು ಕೂತಳು. ನನಗೆ ಅಳು ಬಂತು, ಬಸ್ಸುಗಳ ಬೋರ್ಡು ಓದುವವನಂತೆ ಆ ಕಡೆ ತಿರುಗಿಕೊಂಡೆ.

"ಎಷ್ಟಾಯ್ತು?" ಎಂದು ಕೇಳಿದಳು.

ಹತ್ತೊಂಬತ್ತು ನಿಮಿಷ ಎಂದೆ.

"ಸುಳ್ ಹೇಳ್ಬ್ಯಾಡಿ."

ಕೈ ಚಾಚಿ ವಾಚ್ ತೋರಿಸಿದೆ. ನನ್ನ ಮಣಿಕಟ್ಟು ಹಿಡಿದು ಹತ್ತಿರಕ್ಕೆ ಎಳೆದುಕೊಂಡು ಮುಳ್ಳು ನೋಡಿದಳು. ಇನ್ನೂ ಹನ್ನೊಂದು ಎಂದಳು. ನೋಡಿಯಾದ ಮೇಲೂ ಕೈ ಬಿಡಲಿಲ್ಲ. ಕುದೂರಿನ ಬಸ್ಸು ಬಂದು ನಿಂತಿತು, ಜನ ಹತ್ತಿದರು, ಕಂಡಕ್ಟರ್ ನಮ್ಮನ್ನು ನೋಡಿ ಬತ್ತೀರಾ ಎಂದು ಕೂಗಿದ. ಇನ್ನೂ ಆರು ನಿಮಿಷ ಬಾಕಿ ಇತ್ತು. ನಾವು ಏಳಲಿಲ್ಲ.